ಚಪ್ಪಾಳೆ ತಟ್ಟುವ ಕಾಲೇಜು

ಗುರುವಾರ ಮಧ್ಯಾಹ್ನ,
ಲಾರಿಗಳು ನಿಲ್ಲುವ ಕ್ಯಾಂಟೀನಿನಿಂದ

ಅಮ್ಮಾ,

ನಾನು ಚೆನ್ನಾಗಿದ್ದೇನೆ. ನೋಡಿಬಂದ ಎರಡು ಕಾಲೇಜೂ ಚೆನ್ನಾಗಿಲ್ಲ. ನಿನ್ನ ಆಸ್ಪತ್ರೆಯ ಲಾಂಡ್ರಿಗೆ ಫೋನ್ ಮಾಡಿದರೆ ಮಷೀನುಗಳ ಸದ್ದಿನಲ್ಲಿ ನಿನಗೇನೂ ಕೇಳುವುದಿಲ್ಲ, ನಿನ್ನ ಮೇಸ್ತ್ರಿಗೆ ಮಾತ್ರ ಎಲ್ಲವೂ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನನ್ನು ಕರೆತರುತ್ತಿರುವ ಮಾವ ತನ್ನ ಲಾರಿಯ ಟೈರು ಬದಲಿಸುತ್ತಿದ್ದಾನೆ.

"ಓದು ಎಲ್ಲಾದ್ರೂ ಬರುತ್ತೆ ಕಣೇ, ನಿನ್ನ ಪಕ್ಕ ಕೂತು ಉಣ್ಣೋರು ಎಲ್ಲಿದಾರೋ ಅಲ್ಲಿ ಸೇರು" ಎಂದಿದ್ದೆಯಲ್ಲ, ಅದನ್ನೇ ನೋಡಲು ಹೋದೆ. ಎರಡೂ ಹೊರರಾಜ್ಯದವು. ಒಂದು ಖಾಸಗಿ, ಒಂದು ಸರ್ಕಾರಿ. ಎರಡರಲ್ಲೂ ಸೀಟಿದೆ, ಶನಿವಾರದೊಳಗೆ ಆರಿಸಬೇಕು.

ಖಾಸಗಿಯದರಲ್ಲಿ ಬಂದವರನ್ನು ಆಸಕ್ತಿಗೆ ತಕ್ಕಂತೆ ಗುಂಪು ಮಾಡುತ್ತಾರೆ. ಹೊಂದಿಕೊಳ್ಳುತ್ತೀರೋ ಇಲ್ಲವೋ ನೋಡುವುದಕ್ಕಂತೆ. ನಾನು ಸಮಾನತೆ ಎಂದು ಬರೆದೆ. ಸೇವಾ ಗುಂಪಿಗೆ ಹಾಕಿದರು! ಆ ಗುಂಪಿನವರು ಅಡುಗೆಮನೆಗೆ ಹೋಗಿ, ಕೈಗವಸು ಹಾಕಿಕೊಂಡು, ಪಾತ್ರೆ ತೊಳೆಯುವ ಹೆಂಗಸಿನ ಪಕ್ಕ ನಿಂತು ಒಂದೊಂದು ತಟ್ಟೆ ತೊಳೆದರು. ಫೋಟೋ ಆಯಿತು. ಆಮೇಲೆ ಸಾಲಾಗಿ ಹೋಗಿ ಕೈಗೆ ಸುವಾಸನೆಯ ದ್ರವ ಹಚ್ಚಿಕೊಂಡರು. ಆಕೆ ಅದೇ ತಟ್ಟೆಗಳನ್ನು ಮತ್ತೆ ತೊಳೆದಳು.

ನಾನು ಸುಮ್ಮನಿರಲಿಲ್ಲ. ದುಡಿಯುವವರನ್ನು ಗೋಡೆಯ ಚಿತ್ರ ಮಾಡಿಕೊಂಡಿದ್ದೀರಿ, ನಿಮ್ಮ ದಯೆಯೂ ಒಂದು ಕಳ್ಳತನ ಎಂದು ಬಾಯಿಗೆ ಬಂದಂತೆ ಬೈದೆ. ಏನು ಮಾಡಿದರು ಗೊತ್ತೇ? ಚಪ್ಪಾಳೆ ತಟ್ಟಿದರು! "ಎಷ್ಟು ಖಡಕ್ಕಾಗಿ ಮಾತಾಡ್ತೀಯಾ, ನಮ್ಮ ಕ್ಲಬ್ಬಿಗೆ ನಿನ್ನಂಥವಳೇ ಬೇಕಿತ್ತು" ಎಂದಳು ಗುಂಪಿನ ನಾಯಕಿ. ನಾನು ಬೈಯುವುದೂ ಅವರಿಗೊಂದು ತಿಂಡಿ. ಊಟಕ್ಕೆ ಎಲ್ಲರೂ ನನ್ನನ್ನು ಸುತ್ತುವರಿದು ಕೂತರು. ಏನು ಹೇಳಿದರೂ ಹೌದು ಹೌದು ಎಂದರು. ಅಷ್ಟು ಜನರ ನಡುವೆಯೂ ಒಬ್ಬಳೇ ಕೂತು ಉಂಡಂತಿತ್ತು.

ಸರ್ಕಾರಿಯದು ಸರಿಯಿರುತ್ತದೆ ಎಂದುಕೊಂಡೆ. ಅಲ್ಲಿನ ವಿದ್ಯಾರ್ಥಿ ಸಂಘದ ಕರಪತ್ರಗಳನ್ನು ಬಾಯಿಪಾಠ ಮಾಡಿದ್ದೆನಲ್ಲ! ಊಟದ ಹಾಲಿಗೆ ಹೋದರೆ ಅಲ್ಲಿಯವರದೊಂದು ಮೇಜು, ನಮ್ಮಂಥ ಹೊರರಾಜ್ಯದವರದೊಂದು ಮೇಜು. ನಾನು ಅಲ್ಲಿಯವರ ಮೇಜಿಗೆ ಹೋದೆ. ನಮ್ಮ ಕಡೆಯ ಅಕ್ಕ ಒಬ್ಬಳು ತೋಳು ಎಳೆದಳು: "ಏಯ್ ತಂಗಿ, ಅದು ಅವರ ಜಾಗ, ಬಾ ಇಲ್ಲಿ." ಗೋಡೆಯ ಮೇಲೆ ಸಂಘದ್ದೇ ಬರಹ, ನಾವೆಲ್ಲ ಒಂದು ಅಂತ. ಥೂ! ನಾನು ಬೆಂಚು ಹತ್ತಿ ಭಾಷಣ ಶುರುಮಾಡಿದೆ.

ಕೂದಲು ಮೋಟು ಮಾಡಿಕೊಂಡಿದ್ದ ಅಲ್ಲಿಯ ಹುಡುಗಿಯೊಬ್ಬಳು ತಲೆಯೆತ್ತದೆಯೇ ಅಂದಳು, "ಇಳಿ ಕೆಳಗೆ, ನಿನ್ನ ಚಪ್ಪಲಿ ಮಣ್ಣು ನನ್ನ ಸಾರಿಗೆ ಬೀಳ್ತಿದೆ." ಬಂದು ಒಂದು ಗಂಟೆಯಾಗಿಲ್ಲ, ಮೇಜು ಯಾಕೆ ಬೇರೆಯಾಯಿತು ಅಂತ ಒಬ್ಬರನ್ನೂ ಕೇಳಿಲ್ಲ, ಆಗಲೇ ಉದ್ಧಾರಕ್ಕೆ ನಿಂತಿದ್ದೀಯಾ ಎಂದಳು. ಹೇಡಿ ಎಂದೆ. ಕಾಗದದ ಹುಲಿ ಎಂದಳು. ಕೂತು ಜಗಳವಾಡಿದೆವು, ಗೇಟಿನವರೆಗೆ ಆಡಿದೆವು, ಲಾರಿಯ ಮೆಟ್ಟಿಲ ಮೇಲೂ ಆಡಿದೆವು. ಕೊನೆಗೆ ಮಾವ, "ನಿಮ್ಮಿಬ್ಬರದ್ದು ಮುಗೀತೋ, ಇಲ್ಲಾ ಇವಳನ್ನೂ ಹತ್ತಿಸಿಕೊಳ್ಳಲೋ?" ಎಂದ.

ಎಂಥ ಒರಟು ಹುಡುಗಿ! ಎಂಥ ಕೊಳಕು ವ್ಯವಸ್ಥೆ! ಎರಡರ ಮೇಲೂ ಹೇಸಿಗೆಯಾಗಿದೆ. ನನ್ನ ಜೊತೆಗೆ ಯಾರು ಕೂರುತ್ತಾರೆ ಎಂಬ ಚಿಂತೆ ನಿನಗೆ ಬೇಡ, ನನಗಂತೂ ಇಲ್ಲವೇ ಇಲ್ಲ.

ನಿನ್ನ ತಲೆನೋವು,
ಮಗಳು

ತಾ.ಕ.: ಸರ್ಕಾರಿ ಕಾಲೇಜಿಗೇ ಒಪ್ಪಿಗೆ ಕೊಟ್ಟು ಬಂದಿದ್ದೇನೆ, ಬೈಯಬೇಡ. ಲಾರಿ ಹೊರಡುವಾಗ ಆ ಮೋಟುಕೂದಲಿನವಳು ಕಿಟಕಿಗೆ ಕೈ ಹಾಕಿ ನಿಲ್ಲಿಸಿ, "ನಿನ್ನ ಜೊತೆ ಯಾರೂ ರೂಮು ಹಂಚಿಕೊಳ್ಳಲ್ಲ ಅಲ್ವಾ? ನನ್ನ ಜೊತೇನೂ ಅಷ್ಟೇ" ಎಂದಳು. ನಾನು ಇಳಿದು ಆಫೀಸಿಗೆ ಹೋಗಿ ಇಬ್ಬರ ಹೆಸರನ್ನೂ ಹಾಸ್ಟೆಲಿನ ಒಂದೇ ರೂಮಿಗೆ ಬರೆಸಿದೆ.