ನಾಲ್ಕು ಬೆರಳಿನ ಬೆರಣಿ, ಇಪ್ಪತ್ತೆಂಟು ನವಿಲು

ತುಮಕೂರು ಜಿಲ್ಲೆಯ ಮಕ್ಕಳ ಚಿತ್ರಗಳನ್ನು ವಿದೇಶಕ್ಕೆ ಕಳುಹಿಸುವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಗುಬ್ಬಿಯ ಶಾಲೆಯೊಂದರಲ್ಲಿ ಆರನೇ ತರಗತಿಯ ಬಾಗಿಲಾಚೆ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಇಂದಿಗೆ ಒಂಬತ್ತು ದಿನಗಳಿಂದ ನಿಂತಿದ್ದಾಳೆ. ಅವಳು ಕದ್ದಿಲ್ಲ, ಯಾರನ್ನೂ ಬೈದಿಲ್ಲ. ತಾನು ಬರೆಯದ ನವಿಲನ್ನು ತಾನೇ ಬರೆದೆನೆಂದು ಇಂಗ್ಲೆಂಡಿಗೆ ಕಾಗದ ಬರೆಯಲು ಒಲ್ಲೆ ಎಂದಿದ್ದಾಳೆ, ಅಷ್ಟೆ. ಆ ಕಾಗದದ ಒಕ್ಕಣೆ ತಮ್ಮದು. ಬರೆಯುವ ತನಕ ಒಳಗೆ ಸೇರಿಸಬೇಡಿ ಎಂಬ ಬಾಯಿಮಾತಿನ ಅಪ್ಪಣೆಯೂ ತಮ್ಮದೇ ಎಂದು ಹೆಡ್‌ಮಾಸ್ತರು ಹೇಳಿದರು. ಅವಳ ಹೆಸರು ಗಂಗಾಂಬಿಕೆ, ನನ್ನ ಅಣ್ಣನ ಮಗಳು. ಸ್ವಂತದವಳೆಂದು ಈಕೆಗೆ ಇಷ್ಟು ಉರಿ ಎಂದು ತಾವು ಅನ್ನಬಹುದು. ಅನ್ನಿ. ಬೇರೆಯವರ ಮಗಳಾಗಿದ್ದರೆ ನನಗೆ ಸುದ್ದಿಯೇ ತಿಳಿಯುತ್ತಿರಲಿಲ್ಲ, ತಮಗೂ ನೆಮ್ಮದಿಯಾಗಿರುತ್ತಿತ್ತು.

ನಾನು ಏಳು ವರ್ಷದಿಂದ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ೧೯೭೯ನೇ ಇಸವಿ ಮಕ್ಕಳ ವರ್ಷವೆಂದು ನಾನಿರುವ ಊರಿನಲ್ಲಿ ಶನಿವಾರ ಭಾನುವಾರ ಮಕ್ಕಳ ಸಾಂಸ್ಕೃತಿಕ ವಿನಿಮಯ ಶಿಬಿರ ನಡೆಸುತ್ತಿದ್ದಾರೆ. ಅಲ್ಲಿ ನಾನು ಸ್ವಯಂಸೇವಕಿ. ದೊಡ್ಡ ಹೆಸರು, ಸಣ್ಣ ಕೆಲಸ: ಕುರ್ಚಿ ಜೋಡಿಸುವುದು, ಮೂಗು ಒರೆಸುವುದು, ಮಳೆ ನಿಂತರೆ ಅಂಗಳದಲ್ಲಿ ಕುಂಟಾಬಿಲ್ಲೆ ಕಲಿಸುವುದು. ನಮ್ಮ ಕಡೆಯ ಮಕ್ಕಳು ತಮ್ಮ ಮನೆಯನ್ನು ಬರೆದು ಕಳಿಸಲಿ, ಇಲ್ಲಿಯವರೂ ತಮ್ಮ ಮನೆಯನ್ನು ಬರೆದು ಕೊಡುತ್ತಾರೆ ಎಂದು ತಮಗೆ ಕಾಗದ ಬರೆದವಳು ನಾನೇ. ಶಿಬಿರದ ನಿಯಮ ಒಂದೇ ಇತ್ತು. ಚಿತ್ರ ಮಗುವಿನ ಕೈಯದೇ ಆಗಿರಬೇಕು. ಇದನ್ನು ನಾನು ಎರಡು ಸಲ ಅಡಿಗೆರೆ ಹಾಕಿ ಬರೆದಿದ್ದೆ.

ಸೆಪ್ಟೆಂಬರಿನ ಒಂದು ಶನಿವಾರ ಮಕ್ಕಳ ನಡುವೆ ಕೂತು ತಮ್ಮ ಪಾರ್ಸೆಲ್ ಬಿಚ್ಚಿದೆ. ಇಪ್ಪತ್ತೆಂಟು ಹಾಳೆ, ಇಪ್ಪತ್ತೆಂಟು ಹೆಸರು, ಇಪ್ಪತ್ತೆಂಟು ನವಿಲು. ಎಲ್ಲವೂ ಎಡಕ್ಕೇ ಕತ್ತು ತಿರುಗಿಸಿ, ಒಂದೇ ಕಾಲೆತ್ತಿ ನಿಂತಿದ್ದವು. ಮಾರ್ಗರೆಟ್ ಎಂಬ ಒಂಬತ್ತು ವರ್ಷದ ಹುಡುಗಿ ಹಾಳೆಗಳನ್ನು ಸಾಲಾಗಿ ಹರಡಿ, ಬಹಳ ಹೊತ್ತು ನೋಡಿ, "ಇವರೆಲ್ಲರ ಮನೆಯಲ್ಲೂ ಇರೋದು ಒಂದೇ ನವಿಲಾ?" ಎಂದು ಕೇಳಿದಳು. ನಮ್ಮೂರಿನಲ್ಲಿ ನವಿಲು ಬಹಳ ಎಂದೆ. ಅವಳು ಗಂಗಾಂಬಿಕೆಯ ಹೆಸರಿದ್ದ ಹಾಳೆ ಎತ್ತಿಕೊಂಡು, "ಇದು ಅವಳೇ ಬರೆದದ್ದಾ?" ಎಂದಳು. ಅಲ್ಲ ಎಂದರೆ ದೇಶದ ಮರ್ಯಾದೆ ಹೋಗುತ್ತದಲ್ಲ? ಹೌದು ಎಂದುಬಿಟ್ಟೆ. ಮಾರ್ಗರೆಟ್ ತನ್ನ ಮನೆಯ ಚಿತ್ರವನ್ನೂ ನವಿಲು ಬಹಳ ಚೆನ್ನಾಗಿದೆ ಎಂಬ ಕಾಗದವನ್ನೂ ಗಂಗಾಂಬಿಕೆಗೆಂದು ಕೊಟ್ಟಳು. ಎರಡನ್ನೂ ತಮ್ಮ ಸಮಿತಿಯ ವಿಳಾಸಕ್ಕೆ ನಾನೇ ಅಂಚೆಗೆ ಹಾಕಿದೆ. ತಾವು ಈಗ ಬರೆಸಲು ಹೊರಟಿರುವುದು ಆ ಕಾಗದಕ್ಕೆ ಉತ್ತರ.

ಡಿಸೆಂಬರಿನಲ್ಲಿ ರಜೆಗೆ ಬಂದು ಅಣ್ಣನ ಮನೆಯ ಜಗಲಿಯಲ್ಲಿ ಚಪ್ಪಲಿ ಬಿಡುವ ಮೊದಲೇ ಅತ್ತಿಗೆ ಚೆನ್ನಮ್ಮ ಕೇಳಿದರು: "ನನ್ನ ಕೈ ನೋಡಿ ಅಲ್ಲಿ ಮಕ್ಳು ಏನಂದ್ರು ಶಕುಂತಲಾ?" ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಗಂಗಾಂಬಿಕೆಯನ್ನು ಕೇಳಿದಾಗ ಗೊತ್ತಾಯಿತು. ಗಂಗಾಂಬಿಕೆ ಬರೆದದ್ದು ಹಿತ್ತಲ ಗೋಡೆಗೆ ಬೆರಣಿ ತಟ್ಟುತ್ತಿರುವ ಅವ್ವನನ್ನು. ಗೋಡೆ ತುಂಬ ಬೆರಣಿ, ಒಂದೊಂದರ ಮೇಲೂ ಅವ್ವನ ಕೈಯಚ್ಚು, ಒಂದೊಂದು ಅಚ್ಚಿನಲ್ಲೂ ನಾಲ್ಕೇ ಬೆರಳು. ಅತ್ತಿಗೆಯ ಬಲಗೈ ಕಿರುಬೆರಳು ಮೇವು ಕತ್ತರಿಸುವಾಗ ಮಚ್ಚಿಗೆ ಹೋಗಿ ಆರು ವರ್ಷವಾಯಿತು. ಜನರೆದುರು ಸೆರಗಿನೊಳಗೆ ಇಟ್ಟುಕೊಳ್ಳುವ ಆ ಕೈ ಸಮುದ್ರ ದಾಟಿದೆ ಎಂದು ಅವರು ಮೂರು ತಿಂಗಳಿಂದ ಹಿಗ್ಗುತ್ತಿದ್ದರು.

ಡ್ರಾಯಿಂಗ್ ಮಾಸ್ತರ್ ಚನ್ನವೀರಯ್ಯನವರು ಅತ್ತಿಗೆ ಇಲ್ಲದ ಹೊತ್ತು ನೋಡಿ ಮನೆಗೇ ಬಂದರು. "ಅಷ್ಟೂ ನವಿಲು ನಾನೇ ಬರ್ದಿದ್ದು ತಾಯಿ. ಬರೀದಿದ್ರೆ ಸಮಿತಿಯವ್ರು ಪಾವಗಡಕ್ಕೆ ಟ್ರಾನ್ಸ್‌ಫರ್ ಅಂದ್ರು. ಹತ್ತನೇ ನವಿಲಿಗೇ ವಾಕರಿಕೆ ಬಂದಿತ್ತು. ಬರೋ ತಿಂಗ್ಳು ರಿಟೈರ್ ಆಗ್ತೀನಿ, ಇನ್ನೆಲ್ಲಿಗೆ ಎತ್ತಾಕ್ತಾರೆ? ನನ್ ಹೆಸ್ರು ಧಾರಾಳವಾಗಿ ಹಾಕಿ" ಎಂದರು. ಹಾಕಿದ್ದೇನೆ.

ಮರುದಿನವೇ ಬಸ್ಸು ಹತ್ತಿ ತುಮಕೂರಿಗೆ ಬಂದು ತಮ್ಮ ಕೋಣೆಯಲ್ಲಿ ಕೂತೆ. ತಮಗೆ ನೆನಪಿರಬೇಕು, ಕಾಫಿ ತರಿಸಿದಿರಿ. ತಮ್ಮ ಕುರ್ಚಿಯ ಹಿಂದೆ, ಗಾಜಿನ ಕಟ್ಟಿನೊಳಗೆ, ಮಾರ್ಗರೆಟ್ ಗಂಗಾಂಬಿಕೆಗೆ ಕಳಿಸಿದ ಚಿತ್ರ ತೂಗುತ್ತಿತ್ತು. ಅದರಲ್ಲಿ ಮನೆ ವಾಲಿದೆ, ನಾಯಿಗೆ ಐದು ಕಾಲಿದೆ. "ಫಾರಿನ್ ಮಗು ಕಲ್ಪನೆ ನೋಡಿ, ಎಷ್ಟು ಫ್ರೀಯಾಗಿದೆ" ಎಂದಿರಿ. ನಮ್ಮ ಹುಡುಗಿಯ ಚಿತ್ರ ಎಲ್ಲಿ ಎಂದಾಗ ಬೀರುವಿನಿಂದ ತೆಗೆದಿರಿ. ಅದರ ಮೇಲೆ ಕೆಂಪು ಮಸಿಯಲ್ಲಿ ತಮ್ಮ ಷರಾ ಇತ್ತು: ಬೆರಳುಗಳ ಸಂಖ್ಯೆ ತಪ್ಪು, ವಿಷಯ ಅಶೋಭನೀಯ. "ನೀವೇ ಹೇಳಿ ಅಮ್ಮ, ಫಾರಿನ್ನವರ ಮುಂದೆ ಸಗಣಿ ತೋರ್ಸಕ್ಕಾಗುತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಚಿತ್ರವನ್ನು ಒಳಗಿಟ್ಟು ಬೀಗ ಹಾಕಿದಿರಿ.

ಈಗ ಉತ್ತರ ಕೊಡುತ್ತೇನೆ. ಐದು ಕಾಲಿನ ನಾಯಿ ಕಲ್ಪನೆಯಾದರೆ ನಾಲ್ಕು ಬೆರಳಿನ ಕೈ ತಪ್ಪು ಹೇಗಾಯಿತು? ಇದೆಂಥ ಕೈ ಎಂದು ಆ ಮಗುವನ್ನು ಕರೆದು ಒಂದು ಮಾತು ಕೇಳಿದ್ದರೆ ಸಮಿತಿಯ ಗಂಟೇನು ಹೋಗುತ್ತಿತ್ತು? ಬೆರಣಿ ಉರಿದ ಒಲೆಯ ಮುದ್ದೆ ತಿಂದೇ ತಾವೂ ನಾನೂ ಬೆಳೆದಿಲ್ಲವೇ? ಮಕ್ಕಳ ಕೈ ಸೊಟ್ಟಗಿದ್ದರೆ ದೇಶಕ್ಕೆ ಅವಮಾನ, ಮಕ್ಕಳ ಹೆಸರಿನಲ್ಲಿ ಸುಳ್ಳು ಕಳಿಸಿದರೆ ಗೌರವ, ಇದ್ಯಾವ ನ್ಯಾಯ ಸ್ವಾಮಿ?

ತಮ್ಮನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಅವಳು ಹೊರಗೆ ನಿಂತ ಎಂಟನೇ ದಿನ ಶಾಲೆಗೆ ಹೋದೆ. ಗಂಗಾಂಬಿಕೆ ಬಾಗಿಲ ಹೊರಗೆ ನಿಂತೇ, ಚೌಕಟ್ಟಿಗೆ ಸ್ಲೇಟು ಆನಿಸಿಕೊಂಡು, ಒಳಗಿನ ಲೆಕ್ಕ ಬರೆದುಕೊಳ್ಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಬರ್ದಾಕ್ಬುಡು ಕಣೇ, ಎರಡು ಸಾಲು ತಾನೆ" ಎಂದೆ. ಅವಳು ತಲೆ ಎತ್ತಲಿಲ್ಲ. "ಅವ್ವಂಗೆ ಇನ್ನೂ ಗೊತ್ತಿಲ್ಲ ಅತ್ತೆ. ದಿನಾ ಕೇಳ್ತದೆ, ನಿನ್ ಕಾಗದದಾಗೆ ನನ್ ಕೈ ಬಗ್ಗೆ ಏನ್ ಬರೀತೀಯ ಅಂತ. ನವಿಲು ಅಂತ ಓದಿ ಹೇಳ್ಲಾ?" ಎಂದಳು. ನಾನು ಮನೆ ಕಡೆಗೆ ತಿರುಗಿದೆ. ಹನ್ನೊಂದು ವರ್ಷದವಳಿಗೆ ಇರುವ ಬೆನ್ನು ನನಗಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆದ್ದರಿಂದ ಕೇಳುವುದಿಷ್ಟು. ನಾಳೆ ಬೆಳಗ್ಗೆ ಗಂಗಾಂಬಿಕೆ ತರಗತಿಯೊಳಗೆ ಕೂತಿರಬೇಕು, ಕಾಗದ ಬರೆಯದೆ. ಐದು ಕಾಲಿನ ನಾಯಿ ಅವಳದು, ಗೋಡೆಯಿಂದ ಇಳಿಸಿ ಕೊಡಿ. ಬೀರುವಿನಲ್ಲಿರುವ ಅವಳ ಚಿತ್ರವನ್ನು ಬುಧವಾರದೊಳಗೆ ಗುಬ್ಬಿಗೆ ತಲುಪಿಸಿ. ತಮ್ಮ ಕೆಂಪು ಮಸಿ ಹಾಗೇ ಇರಲಿ, ಅಳಿಸುವ ಶ್ರಮ ಬೇಡ. ಜನವರಿಯ ಮೊದಲ ಶನಿವಾರ ಶಿಬಿರವಿದೆ. ಅಲ್ಲಿ ಮಾರ್ಗರೆಟ್‌ಳ ಎದುರು ಕೂತು, ನಾನು ಸುಳ್ಳು ಹೇಳಿದೆ ಮಗಳೇ, ಗಂಗಾಂಬಿಕೆ ಬರೆದದ್ದು ಇದು ಎನ್ನಬೇಕಾಗಿದೆ.

ಇಂದು ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಬೀಗದ ಕೈ ಸಿಗಲಿಲ್ಲ ಎಂದು ತಾವು ಹೇಳಿ ಕಳಿಸಬಹುದೆಂದೂ ಹೇಳಿದೆ. ಅವರು ಹಿತ್ತಲಿಗೆ ಹೋಗಿ, ಸಗಣಿಯಲ್ಲಿ ಬಲಗೈ ಅದ್ದಿ, ಗಂಗಾಂಬಿಕೆಯ ಡ್ರಾಯಿಂಗ್ ಪುಸ್ತಕದ ಖಾಲಿ ಹಾಳೆಯ ಮೇಲೆ ಒತ್ತಿ ಕೊಟ್ಟರು. ಹಾಳೆ ಈಗ ಜಗಲಿಯ ಬಿಸಿಲಿನಲ್ಲಿ ಒಣಗುತ್ತಿದೆ. ತಮ್ಮ ಬೀರು ತೆರೆಯಲಿ, ತೆರೆಯದಿರಲಿ, ಅದು ನನ್ನ ಜೊತೆ ವಿಮಾನ ಹತ್ತುತ್ತದೆ.

ಇಂತಿ,
ಇಲ್ಲದ ನವಿಲಿಗೆ ಸಾಕ್ಷಿ ಹೇಳಿ ಬಂದ,
ಶಕುಂತಲಮ್ಮ, ಗುಬ್ಬಿ