ಗೋಡೆ ಮೇಲಿನ ಆಫ್ರಿಕಾ

ಬುಧವಾರ, ಜುಲೈ 9

ಹೊಟ್ಟೆ ಉರಿಯುತ್ತಿದೆ ಎಂದು ಇಲ್ಲಿಯಾದರೂ ಬರೆದುಕೊಳ್ಳಬಹುದಲ್ಲ.

ಆಫ್ರಿಕಾದ ನಕ್ಷೆ ಬಿಡಿಸಲು ನಾನು ವಾರವಿಡೀ ಒದ್ದಾಡಿದ್ದೆ. ನದಿ, ಪರ್ವತ, ಮರುಭೂಮಿ, ಒಂದೂ ಬಿಟ್ಟಿರಲಿಲ್ಲ. ನನ್ನದೇ ತರಗತಿಯಲ್ಲಿರುವ ಚಿಕ್ಕಪ್ಪನ ಮಗಳು ಭಾನುವಾರ ಮಧ್ಯಾಹ್ನ ಕೂತು ಮುಗಿಸಿಯೇಬಿಟ್ಟಳು. ಜನ ಎಲ್ಲೆಲ್ಲಿ ಇದ್ದಾರೆಂದು ತೋರಿಸಲು ನೈಲ್ ದಡದುದ್ದಕ್ಕೂ ಕೆಂಪು ಚುಕ್ಕಿ ಇಟ್ಟಿದ್ದಳು, ಸಹಾರಾದಲ್ಲಿ ಅಲ್ಲೊಂದು ಇಲ್ಲೊಂದು.

ಮೇಷ್ಟ್ರು ನನ್ನ ಹಾಳೆ ನೋಡಿ, "ಎಲ್ಲಾ ಇದೆ ಕಣಮ್ಮ, ಜನ ಎಲ್ಲಿ ಹೋದ್ರು?" ಅಂದರು. ಅವಳದ್ದನ್ನು ಗೋಡೆಗೆ ಅಂಟಿಸಿದರು.

ತರಗತಿಯೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ನಾನು ಅದರಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಕ್ಕಿತು! "ಸಾರ್, ಮಡಗಾಸ್ಕರೇ ಇಲ್ಲ!" ಎಂದು ಕೂಗಿಬಿಟ್ಟೆ.

"ಭೇಷ್! ಬಾ, ನೀನೇ ಬಿಡಿಸು," ಎಂದು ಪೆನ್ಸಿಲ್ ಕೈಗಿತ್ತರು. ಬಿಡಿಸಿದೆ. ಹಾಳಾದ ಈ ಕೈಗೆ ಕೆಟ್ಟದಾಗಿ ಬಿಡಿಸಲೂ ಬರುವುದಿಲ್ಲ. ಕೆಂಪು ಚುಕ್ಕಿಗಳನ್ನೂ ಇಟ್ಟೆ.

ಮನೆಗೆ ಬರುವಾಗ ಅವಳು, "ಅಕ್ಕಾ, ನೀನಿಲ್ದಿದ್ರೆ ನನ್ ಮಾನ ಹೋಗ್ತಿತ್ತು," ಅಂದಳು. ಈಗ ಪಕ್ಕದ ಮಂಚದಲ್ಲಿ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದಾಳೆ.

ಇದ್ದದ್ದು ಒಂದೇ ಒಂದು ತಪ್ಪು. ಅದನ್ನೂ ನಾನೇ ಹೋಗಿ ತಿದ್ದಿಕೊಟ್ಟು ಬಂದೆ. ಕೆಳಗೆ ಹೆಸರು ಅವಳದ್ದೇ.