ತಪ್ಪಿ ಎತ್ತಿದ ಕೈ

ಮನೆಯಿಂದ,
ಭಾನುವಾರ, ಮಾರ್ಚ್ ೯

ನನ್ನ ಡ್ರೈವರ್ ಸಾಹೇಬರಿಗೆ,

ಹೇಗಿದ್ದೀರಿ? ಸೊಂಟನೋವು ಹೇಗಿದೆ? "ಪರವಾಗಿಲ್ಲ" ಎಂದು ಮಾತ್ರ ಬರೆಯಬೇಡಿ. ನಿಮ್ಮ ಪರವಾಗಿಲ್ಲ ಎಂದರೆ ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದೀರಿ ಎಂದರ್ಥ, ಅದು ನನಗೆ ಗೊತ್ತಿಲ್ಲವೇ? ನಾನು ಹೊಲಿದು ಕೊಟ್ಟ ದಿಂಬನ್ನು ಬೆನ್ನಿಗೆ ಹಾಕಿಕೊಳ್ಳುತ್ತಿದ್ದೀರಾ, ಇಲ್ಲ ಕಲಿಯಲು ಬಂದವರ ಮುಂದೆ ನಾಚಿಕೆಯೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದೀರಾ? ಬಸ್ಸು ಓಡಿಸಲು ಕಲಿಸುವ ಮೇಷ್ಟ್ರಿಗೂ ಸೊಂಟ ಇರುತ್ತದೆ ಎಂದು ಅವರಿಗೂ ತಿಳಿಯಲಿ ಬಿಡಿ. ನಾನು ಚೆನ್ನಾಗಿದ್ದೇನೆ. ಅಂಗಡಿಯಲ್ಲಿ ಶಾಲೆಯ ಸಮವಸ್ತ್ರದ ಹೊಲಿಗೆ ತಲೆಯ ಮೇಲೆ ಬಂದು ಕೂತಿದೆ. ಅಡುಗೆಮನೆಯ ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ, ಮನೆಯಲ್ಲಿ ಅದೊಂದಾದರೂ ಮಾತಾಡುತ್ತದಲ್ಲ ಎಂದು ರಿಪೇರಿಯವನನ್ನು ಕರೆಯದೆ ಬಿಟ್ಟಿದ್ದೇನೆ.

ನಿಮ್ಮ ಕಾಗದ ಬಂತು. ತರಬೇತಿ ಡಿಪೋದವರು ಇನ್ನೂ ಎರಡು ವರ್ಷ ಇರಿ ಅನ್ನುತ್ತಿದ್ದಾರೆ, ಇರಲೋ ವಾಪಸು ಬರಲೋ ನೀನೇ ಹೇಳು, ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು ಎಂದು ಬರೆದಿದ್ದೀರಿ. ಫೋನಿನಲ್ಲಿ ಇದನ್ನೇ ಕೇಳಿದಾಗ ನಾನು "ನಿಮ್ಮಿಷ್ಟ" ಅಂದೆ, ನೀವು "ಹೂಂ" ಅಂದಿರಿ, ನಾನೂ "ಹೂಂ" ಅಂದೆ. ಹೂಂಗುಟ್ಟುವುದಕ್ಕೆ ಫೋನು ಯಾಕೆ ಬೇಕಿತ್ತೋ! ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಗರಸಭೆಯ ಪುರಾಣ ಕೇಳಿ. ಬೇರೆಯವರ ಬಾಯಿಂದ ಉಪ್ಪುಖಾರ ಹಚ್ಚಿಕೊಂಡು ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಪೇಟೆ ಬೀದಿಯ ಬೆಂಚುಗಳನ್ನೆಲ್ಲ ಕಿತ್ತು ಅಲ್ಲಿ ಹೂಕುಂಡ ಇಡಬೇಕು ಎಂದು ಔಷಧಿ ಅಂಗಡಿಯವರು ಹೋದ ತಿಂಗಳ ಸಭೆಯಲ್ಲಿ ನಿರ್ಣಯ ಮಂಡಿಸಿದರು. ಜನ ಬೆಳಗಿನಿಂದ ಕೂತಿರುತ್ತಾರೆ, ಏನೂ ಕೊಳ್ಳುವುದಿಲ್ಲ, ಕಡಲೆ ಸಿಪ್ಪೆ ಉದುರಿಸುತ್ತಾರೆ, ಅಂಗಡಿಗೆ ಬರುವವರಿಗೆ ಅಡ್ಡ ಎಂದು ಉದ್ದಕ್ಕೆ ಓದಿದರು. ಮನುಷ್ಯ ಕೆಟ್ಟವರಲ್ಲ, ಆದರೆ ಎಲ್ಲವೂ ಡಬ್ಬಿಯೊಳಗೆ ಚೀಟಿ ಅಂಟಿಸಿಕೊಂಡು ಇರಬೇಕು ಅನ್ನುವ ಜಾತಿ. ವಾರ್ಡಿನ ಸದಸ್ಯೆಯಾಗಿ ನಾನು ಸುಮ್ಮನಿರುತ್ತೇನೆಯೇ? ಆಸ್ಪತ್ರೆಯಿಂದ ಬರುವ ಮುದುಕಿಯರು ಎಲ್ಲಿ ಕೂರಬೇಕು, ಭಾರದ ಚೀಲ ಹೊತ್ತವರು ಎಲ್ಲಿ ಇಳಿಸಬೇಕು ಎಂದು ಕೇಳಿದೆ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲದವರು ಬೀದಿಯಲ್ಲಿ ನಾಲ್ಕು ಮುಖ ನೋಡಲು ಕೂರುತ್ತಾರೆ, ಅವರೇನು ಹೂಕುಂಡದ ಪಕ್ಕ ನಿಂತು ಬಾಡಬೇಕೇ ಅಂದೆ. ಕಾಲು ನೋಯುವವರು ಆ ಬೀದಿಗೇ ಬರದಿದ್ದರೆ ನಿಮ್ಮ ಮುಲಾಮನ್ನು ನೀವೇ ಹಚ್ಚಿಕೊಳ್ಳಿ ಎಂದೂ ಅಂದೆ. ಎಲ್ಲರೂ ನಕ್ಕರು. ನಮ್ಮ ತಿದ್ದುಪಡಿ ತಾತ ಎದ್ದರು. ಸೂರ್ಯ ಹುಟ್ಟುವುದಕ್ಕೂ ಒಂದು ತಿದ್ದುಪಡಿ ತರುವವರು ಅವರು, ನಿಮಗೆ ಗೊತ್ತಲ್ಲ. ಬೆಂಚು ಇರಲಿ, ಒರಗುವ ಹಲಗೆ ಮಾತ್ರ ತೆಗೆಯೋಣ, ಆಗ ಜನ ಬೇಗ ಏಳುತ್ತಾರೆ ಅಂದರು. ಅದನ್ನು ಯಾರೂ ಅನುಮೋದಿಸಲಿಲ್ಲ. ಅಧ್ಯಕ್ಷರು, ಅದೇ ನಮ್ಮ ಹಲ್ಲಿನ ಡಾಕ್ಟರು, ಚರ್ಚೆ ಸಾಕು, ಮತಕ್ಕೆ ಹಾಕೋಣ ಅಂದರು. ಬಾಯಿ ಬಿಡಿ ಅನ್ನುವುದೂ ಅವರೇ, ಮುಚ್ಚಿ ಅನ್ನುವುದೂ ಅವರೇ.

ಇನ್ನು ನನ್ನ ಘನಕಾರ್ಯ ಕೇಳಿ. ನೀವು ಡ್ಯೂಟಿ ಮುಗಿಸಿ ಬಂದು ಸಭಾಂಗಣದ ಹಿಂದಿನ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಿರಲ್ಲ, ದಿನವೆಲ್ಲ ಕೂತು ಸಾಕಾಗಿದೆ ಎಂದು ಕುರ್ಚಿ ಕೊಟ್ಟರೂ ಕೂರದೆ? ನನ್ನ ಮಾತು ಖಾರವಾದರೆ ಟೋಪಿ ತಲೆಗೆ ಹಾಕಿಕೊಳ್ಳುತ್ತಿದ್ದಿರಿ, "ಬ್ರೇಕ್ ಹಾಕು" ಎಂದು. ನೀವು ಬಂದಿದ್ದು ಕಂಡೆ ಎಂದು ತಿಳಿಸಲು ನಾನು ಕೈ ಎತ್ತುತ್ತಿದ್ದೆ. ನೀವು ಊರು ಬಿಟ್ಟ ಮೇಲೂ ಪ್ರತಿ ಸಭೆಯಲ್ಲಿ ಒಮ್ಮೆ ಆ ಬಾಗಿಲು ನೋಡುತ್ತೇನೆ. ಅಭ್ಯಾಸ, ಅಷ್ಟೇ. ಅವತ್ತು "ನಿರ್ಣಯದ ಪರ ಇರೋರು ಕೈ ಎತ್ತಿ" ಎಂದು ಅಧ್ಯಕ್ಷರು ಹೇಳುವ ಹೊತ್ತಿಗೇ ನೋಡಿದೆ. ಬಾಗಿಲಿಗೆ ಒರಗಿ, ಕಂದು ಕೋಟು, ಕಂಕುಳಲ್ಲಿ ಟೋಪಿ. ನೀವೇ. ಹೇಳದೆ ಕೇಳದೆ ಬಂದುಬಿಟ್ಟಿದ್ದೀರಿ ಅಂದುಕೊಂಡೆ. ಕೈ ತಾನಾಗಿ ಮೇಲೆ ಹೋಯಿತು. ಅರ್ಧಕ್ಕಲ್ಲ, ಪೂರ್ತಿ, ಬಸ್ಸು ನಿಲ್ಲಿಸುವವರ ಹಾಗೆ.

ಆ ಮನುಷ್ಯ ಬೆಳಕಿಗೆ ಬಂದ. ನೀರಿನ ಮೀಟರಿನವನು. ಏನೋ ಕೇಳಲು ಬಂದವನು, ಪಾಪ, ಯಾರೋ ಹೆಂಗಸು ಕೈ ಎತ್ತಿದರಲ್ಲ ಎಂದು ಮರ್ಯಾದೆಗೆ ತಾನೂ ಕೈ ಎತ್ತಿದ. ಅವನದನ್ನು ಕಾರ್ಯದರ್ಶಿಗಳು ಎಣಿಸಲಿಲ್ಲ, ನನ್ನದನ್ನು ಎಣಿಸಿದರು. "ವಿರೋಧ ಇರೋರು" ಅಂದಾಗ ಮತ್ತೆ ಕೈ ಎತ್ತಿದೆ. "ನಿಮ್ಮದು ಆಯ್ತಲ್ಲ ಮೇಡಂ" ಅಂದರು. ಒಂದೇ ಒಂದು ಮತದಿಂದ ನಿರ್ಣಯ ಪಾಸಾಯಿತು ನೋಡಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಗಂಟೆ ಬಾರಿಸಿ ಮುಂದಿನ ವಿಷಯಕ್ಕೆ ಹೋಗಿದ್ದರು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ನಮ್ಮ ವಾರ್ಡಿನವರು ನೇರ ಕೇಳಿದ್ದರೆ ನೇರ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ಬೆನ್ನ ಹಿಂದೆ ಗುಸುಗುಸು ಅಂದರು. ಔಷಧಿ ಅಂಗಡಿಯವರ ಜೊತೆ ಕತ್ತರಿಯಮ್ಮ, ಅಂದರೆ ನಾನು, ಒಳಗೊಳಗೇ ಒಂದಾಗಿದ್ದಾಳೆ, ಮಾತು ಒಂದು ಕಡೆ ಮತ ಒಂದು ಕಡೆ ಎಂದರು. ದಿನಾ ಅಂಗಡಿಗೆ ಇಣುಕಿ ಹೋಗುತ್ತಿದ್ದ ಕಡಲೆ ಮಾರುವ ಅಜ್ಜಿ ಎದುರಿನ ಬದಿಯಿಂದ ಹೋಗತೊಡಗಿದರು. ನಗರಸಭೆಯ ಕೆಲಸಗಾರರಿಗೆ ನಲ್ಲಿ ಸರಿಮಾಡಿ ಅಂದರೆ ಆರು ತಿಂಗಳು ಬೇಕು. ಈ ಸಲ ಮಾತ್ರ ಎಲ್ಲಿಲ್ಲದ ಚುರುಕು! ಮೊದಲು ಕಿತ್ತದ್ದು ಅಂಚೆ ಕಚೇರಿಯ ಮುಂದಿನ ಬೆಂಚು. ನಮ್ಮದು. ನಿಮ್ಮ ಪಾಳಿ ಮುಗಿದ ಮೇಲೆ ನಾವಿಬ್ಬರೂ ಡಬ್ಬಿ ಬಿಚ್ಚುತ್ತಿದ್ದದ್ದು. ನೀವು ಹೋದ ಮೇಲೂ ನಾನು ಅಲ್ಲೇ ಉಣ್ಣುತ್ತಿದ್ದೆ, ಇದನ್ನು ನಿಮಗೆ ಬರೆದಿರಲಿಲ್ಲ. ಎಡಗಡೆ ಕೂತು, ಬಲಗಡೆ ಚೀಲ ಇಟ್ಟು. ಯಾರಾದರೂ ಬಂದರೆ ಚೀಲ ತೆಗೆಯುತ್ತಿದ್ದೆ, ಆದರೆ ಮನಸ್ಸಿಲ್ಲದೆ. ಈಗ ಅಲ್ಲಿ ನಾಲ್ಕು ಬೋಲ್ಟು ಮೇಲೆದ್ದು ನಿಂತಿವೆ. ಅಂಗಡಿಯಲ್ಲೇ ಮಿಷಿನ್ನಿನ ಮುಂದೆ ಗೋಡೆ ನೋಡಿಕೊಂಡು ಊಟ ಮುಗಿಸುತ್ತೇನೆ.

ಒಂದು ದಿನ ಕಾರ್ಯದರ್ಶಿಗಳು ಪ್ಯಾಂಟಿನ ಅಂಚು ಮಡಚಿಸಲು ಬಂದರು. ನನ್ನ ಮುಖ ನೋಡಿ ಒಂದು ನಿಯಮ ಹೇಳಿದರು. ಪಾಸಾದ ನಿರ್ಣಯವನ್ನು ಮುಂದಿನ ಸಭೆಯಲ್ಲಿ ಮತ್ತೆ ಚರ್ಚೆಗೆ ತರಬಹುದಂತೆ, ಆದರೆ ತರಬೇಕಾದವರು ಅದರ ಪರ ಕೈ ಎತ್ತಿದವರೇ ಆಗಿರಬೇಕಂತೆ. ವಿರೋಧಿಸಿದವರಿಗೆ ಆ ಹಕ್ಕಿಲ್ಲ. ಅಂದರೆ ತಪ್ಪು ಮಾಡಿದ ನನಗೇ ಅದನ್ನು ತಿದ್ದುವ ದಾರಿಯೂ ಇತ್ತು! ಒಂದೇ ತೊಡಕು, ಮನಸ್ಸು ಯಾಕೆ ಬದಲಾಯಿತೆಂದು ಎದ್ದು ನಿಂತು ಕಾರಣ ಹೇಳಬೇಕು. "ಏನಾದ್ರೂ ಒಂದು ಹೇಳಿ ಮೇಡಂ, ಯಾರೂ ಕೆದಕಲ್ಲ" ಅಂದರು. ಕೊರಳಲ್ಲಿ ಅಳತೆಯ ಟೇಪು ಇರುತ್ತದಲ್ಲ, ಅದನ್ನು ಸರಿಮಾಡಿಕೊಳ್ಳಲು ಕೈ ಎತ್ತಿದೆ ಎಂದು ಹೇಳುವುದಾಗಿ ನಿಶ್ಚಯ ಮಾಡಿಕೊಂಡೆ. ಕನ್ನಡಿಯ ಮುಂದೆ ಹೇಳಿಯೂ ನೋಡಿದೆ.

ಮೊನ್ನೆ ಶುಕ್ರವಾರ ಸಭೆ. ಎದ್ದೆ, ಟೇಪಿನ ಕಥೆ ಹೇಳಿದೆ. ಔಷಧಿ ಅಂಗಡಿಯವರು ಬಿಡುವ ಆಸಾಮಿಯೇ? ಟೇಪು ಸರಿಮಾಡಿಕೊಳ್ಳುವವರು ಕೊರಳಿಗೆ ಕೈ ಹಾಕುತ್ತಾರೆ, ಆಕಾಶಕ್ಕಲ್ಲ ಅಂದರು. ಇಲ್ಲಿ ಮನಸ್ಸಿಗೆ ಬಂದ ಹಾಗೆ ಕೈ ಎತ್ತಿ ಆಮೇಲೆ ಕಥೆ ಕಟ್ಟಿದರೆ ಸಭೆಗೆ ಏನು ಬೆಲೆ ಎಂದೂ ಕೇಳಿದರು. ಅವರು ಹೇಳಿದ್ದು ಸರಿಯೇ. ಆ ಬಾಗಿಲ ಕಡೆ ನೋಡಿದೆ, ಯಾರೂ ಇರಲಿಲ್ಲ, ಟೋಪಿ ಹಾಕಿಕೊಳ್ಳುವವರೂ ಇರಲಿಲ್ಲ. ಏನು ಹೇಳಿದೆನೋ ಅದನ್ನು ಹಾಗೇ ಬರೆಯುತ್ತೇನೆ.

"ಟೇಪು ಅಂದಿದ್ದು ಸುಳ್ಳು. ಬಾಗಿಲಲ್ಲಿ ನನ್ನ ಯಜಮಾನರು ನಿಂತಿದ್ದಾರೆ ಅನ್ನಿಸ್ತು. ಅವರು ಊರಲ್ಲಿಲ್ಲ. ಕೆಲಸದ ಮೇಲೆ ಹೋಗಿದ್ದಾರೆ. ಹೋಗಿ ಅಂದವಳೂ ನಾನೇ. ಅವರಿಲ್ಲದೆ ನನಗೆ ಆಗ್ತಿಲ್ಲ, ಅದಕ್ಕೇ ಯಾರನ್ನೋ ನೋಡಿ ಕೈ ಎತ್ತಿಬಿಟ್ಟೆ."

ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಔಷಧಿ ಅಂಗಡಿಯವರು ಕನ್ನಡಕ ತೆಗೆದು ಒರೆಸಿದರು, ಮತ್ತೇನೂ ಕೆದಕಲಿಲ್ಲ. ಅಧ್ಯಕ್ಷರು ರೂಢಿಯಂತೆ ತಾತನ ಕಡೆ ತಿರುಗಿ, ತಿದ್ದುಪಡಿ ಏನಾದರೂ ಇದೆಯೇ ಎಂದು ಕೇಳಿದರು. ತಾತ ಏಳಲಿಲ್ಲ. "ಏನಿಲ್ಲ. ಆಯಮ್ಮ ಹೇಳಿದ್ದು ಹಾಗೇ ಇರ್ಲಿ" ಅಂದರು. ಮತ್ತೆ ಮತಕ್ಕೆ ಹಾಕಿದರು. ಔಷಧಿ ಅಂಗಡಿಯವರು ಮತ್ತೆ ಪರವಾಗಿಯೇ ಕೈ ಎತ್ತಿದರು, ಹಿಡಿದ ಪಟ್ಟು ಬಿಡುವವರಲ್ಲ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದೆ, ನನ್ನ ಸರದಿ ಬರುವವರೆಗೆ. ನಿರ್ಣಯ ಬಿದ್ದುಹೋಯಿತು. ಬೆಂಚುಗಳು ಉಳಿದವು. ಕಿತ್ತದ್ದನ್ನು ವಾಪಸು ಕೂರಿಸಬೇಕೆಂದು ಆದೇಶವೂ ಆಯಿತು. ನಿನ್ನೆ ಕಡಲೆ ಅಜ್ಜಿ ಅಂಗಡಿಗೆ ಬಂದು ಒಂದು ಪೊಟ್ಟಣ ಮೇಜಿನ ಮೇಲಿಟ್ಟು ಹೋದರು.

ಗೆದ್ದೆ ಅನ್ನಿ. ಮನೆಗೆ ಬಂದು ಬೀಗ ತೆಗೆದಾಗ, ಗೆದ್ದೆ ಎಂದು ಹೇಳಲು ನಲ್ಲಿಯೊಂದೇ ಇತ್ತು. ಅದಕ್ಕೇ ಹೇಳಿದೆ.

ಸರಿ, ಕಾಗದ ಉದ್ದವಾಯಿತು. ಹೊತ್ತಿಗೆ ಸರಿಯಾಗಿ ಉಣ್ಣಿ, ಕಲಿಯುವವರ ಮೇಲೆ ರೇಗಬೇಡಿ, ದಿಂಬು ಹಾಕಿಕೊಳ್ಳಿ. ನಿಮ್ಮ ಜೊತೆ ಕೋಣೆಯಲ್ಲಿರುವ ಮೆಕ್ಯಾನಿಕ್ ಅಣ್ಣನಿಗೆ ನಾನು ಕೇಳಿದೆನೆಂದು ಹೇಳಿ, ಅವರ ಗೊರಕೆಯನ್ನೂ ವಿಚಾರಿಸಿದೆನೆಂದು ಹೇಳಿ.

ಇಂತಿ,
ನಿಮ್ಮ ಕತ್ತರಿ

ಮರೆತೆ: ಲಕೋಟೆ ಅಂಟಿಸಿ ಅಂಚೆ ಡಬ್ಬಿಯವರೆಗೂ ಬಂದವಳು ಮತ್ತೆ ಬಿಚ್ಚಿ, ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ಬೆಂಚನ್ನು ಬುಧವಾರ ಕೂರಿಸುತ್ತಾರಂತೆ. ನಿಮ್ಮ ಪ್ರಶ್ನೆಗೆ ಉತ್ತರ ಕೊಡದೆ ಕಾಗದ ಮುಗಿಸಿಬಿಟ್ಟಿದ್ದೆ ನೋಡಿ. ಇಡೀ ಸಭೆಗೆ ಕೇಳುವಂತೆ ಹೇಳಿದ್ದನ್ನು ನಿಮ್ಮೊಬ್ಬರಿಗೆ ಮಾತ್ರ ಇನ್ನೂ ನೇರವಾಗಿ ಹೇಳಿಲ್ಲ. ನಿಮ್ಮಿಷ್ಟ ಅಲ್ಲ ರೀ, ನನ್ನಿಷ್ಟ. ಎರಡು ವರ್ಷ ಬೇಡ. ಬಂದುಬಿಡಿ. ಕೈ ಎತ್ತಿದ್ದೇನೆ, ಈ ಸಲ ಕಣ್ತಪ್ಪಿ ಅಲ್ಲ.